ಹದಿನೇಳು ನಿಮಿಷದ ಅಡುಗೆ

ಹೆಂಡತಿಯ ಅಡುಗೆಯನ್ನು ತೆಗಳಿ ಪೇಚಿಗೆ ಸಿಕ್ಕಿಕೊಂಡ ಗಂಡಸರು ಊರು ತುಂಬ ಇದ್ದಾರೆ. ಹೊಗಳಿ ಸಿಕ್ಕಿಕೊಂಡವನು ಮಧುಸೂದನ್ ಒಬ್ಬನೇ ಇರಬೇಕು. ಅದೂ ಮನಸಾರೆ, ಬಾಯಿ ತುಂಬ, ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಾ ಹೊಗಳಿದ್ದು.

ಮೈಸೂರಿನ ಕಡೆಯ ಈ ಮಧುಸೂದನ್ ಚೆನ್ನೈಗೆ ಬಂದು ನಾಲ್ಕು ವರ್ಷವಾಗಿತ್ತು. ಊರಾಚೆಯ ಒಂದು ಸ್ಕೂಟರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಒಂದು ಬೋಲ್ಟು ಬಿಗಿಯಲು ಎಷ್ಟು ಸೆಕೆಂಡು, ಬಗ್ಗಿ ಏಳಲು ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚ್ ಹಿಡಿದು ನಿಂತು ಬರೆದುಕೊಳ್ಳುವುದು ಅವನ ಉದ್ಯೋಗ. ಮನೆಗೆ ಬಂದರೂ ಆ ಚಟ ಬಿಡುತ್ತಿರಲಿಲ್ಲ. ಲಿಫ್ಟು ಮೂರನೇ ಮಹಡಿಗೆ ಬರಲು ಎಷ್ಟು ಹೊತ್ತು, ಹತ್ತು ವರ್ಷದ ಮಗಳು ವೀಕ್ಷಾ ಷೂ ಹಾಕಿಕೊಳ್ಳಲು ಎಷ್ಟು ಹೊತ್ತು, ಎಲ್ಲವೂ ಅವನ ಫೋನಿನಲ್ಲಿ ದಾಖಲಾಗಿತ್ತು.

ಆಗ ಮೇ ತಿಂಗಳು. ಚೆನ್ನೈಯವರು ಕತ್ತರಿ ಎಂದು ಕರೆಯುವ ಇಪ್ಪತ್ತೈದು ದಿನಗಳ ಉರಿಬಿಸಿಲು ನಡೆಯುತ್ತಿತ್ತು. ವೆಸ್ಟ್ ಮಾಂಬಲಂನ ಅವರ ಓಣಿಯಲ್ಲಿ ನಾಯಿಗಳು ಕೂಡ ಬೊಗಳುವ ಕೆಲಸವನ್ನು ಸಂಜೆಗೆ ಮುಂದೂಡಿದ್ದವು. ನಲ್ಲಿಯ ನೀರಿಗೆ ಪುಡಿ ಹಾಕಿದರೆ ಕಾಫಿ ಇಳಿಯುತ್ತದೆ ಎನ್ನುವಷ್ಟು ಅದು ಕಾದಿರುತ್ತಿತ್ತು. ಇಂಥ ಸೆಕೆಯಲ್ಲಿ ಹೆಂಡತಿ ರಚನಾ ರಾತ್ರಿಯ ಅಡುಗೆ ಮಾಡುವುದನ್ನು ಮಧುಸೂದನ್ ಮೂರು ದಿನ ಊಟದ ಮೇಜಿನ ಹತ್ತಿರ ಕೂತು ಅಳೆದ.

ಏಳೂವರೆಗೆ ಅವಳು ಅಡುಗೆಮನೆಗೆ ಕಾಲಿಡುತ್ತಿದ್ದಳು. ಏಳು ನಲವತ್ತೇಳಕ್ಕೆ ಮೇಜಿನ ಮೇಲೆ ಊಟ. ಮೊದಲ ದಿನ ಹೀರೇಕಾಯಿ ತೊವ್ವೆ, ಅನ್ನ, ಕೋಸಂಬರಿ. ಎರಡನೇ ದಿನ ಟೊಮೇಟೊ ಸಾರು, ಎಲೆಕೋಸಿನ ಪಲ್ಯ. ಮೂರನೇ ದಿನ ಮಾವಿನಕಾಯಿ ಚಿತ್ರಾನ್ನ, ನಿಂಬೆಹಣ್ಣಿನ ಸಾರು, ಹುರುಳಿಕಾಯಿ ಪಲ್ಯ, ಜೊತೆಗೆ ಇಂಗಿನ ಒಗ್ಗರಣೆ ಹಾಕಿದ ಮಜ್ಜಿಗೆ. ಇದ್ದದ್ದು ಎರಡೇ ಒಲೆ. ಒಂದು ಹನಿ ಚೆಲ್ಲಲಿಲ್ಲ, ಒಂದು ಪಾತ್ರೆ ಸದ್ದು ಮಾಡಲಿಲ್ಲ. ಒಂದು ಕೈ ಸಾಸಿವೆ ಹಾಕುವಾಗ ಇನ್ನೊಂದು ಕೈ ಆಗಲೇ ಕರಿಬೇವಿನ ಮೇಲಿರುತ್ತಿತ್ತು. ಮೂರು ದಿನವೂ ಹದಿನೇಳು ನಿಮಿಷ, ಆಚೀಚೆ ಕೆಲವು ಸೆಕೆಂಡು. ಇಷ್ಟು ವರ್ಷದ ಉದ್ಯೋಗದಲ್ಲಿ ಇಂಥ ಕೈ ತಾನು ಕಂಡಿಲ್ಲ ಎಂದು ಮಧುಸೂದನ್ ನಿಜವಾಗಿ ಬೆರಗಾದ. ಬೆರಗಾದವನು ಸುಮ್ಮನಿರಬೇಕಿತ್ತು. ಅವನು ಬಣ್ಣಬಣ್ಣದ ಒಂದು ಚಾರ್ಟು ಮಾಡಿದ.

ಆ ಚಾರ್ಟನ್ನು ಮೊದಲು ತೋರಿಸಿದ್ದು ಮರುದಿನ ಸಂಜೆ ತಾರಸಿಯ ಮೇಲೆ. ತಾರಸಿಯ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಇದೆಲ್ಲ ನಡೆದದ್ದೇ ಅದಕ್ಕಾಗಿ. ಚೆನ್ನೈಯಲ್ಲಿ ಸಂಜೆ ಆರೂವರೆಯ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ದಿನವಿಡೀ ಬೆಂದ ಮೈಗೆ ಆ ಗಾಳಿ ತಾಗಿದಾಗ ಮನುಷ್ಯನಿಗೆ ಈ ಊರಿನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗುತ್ತದೆ. ಕಾರ್ಖಾನೆಯಿಂದ ಬಂದು, ಕಾಫಿ ಕುಡಿದು, ಮಧುಸೂದನ್ ಆರೂವರೆಗೆ ಸರಿಯಾಗಿ ತಾರಸಿಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚುತ್ತಿದ್ದ. ಏಳೂವರೆಯವರೆಗೆ ಅವನಿಗೆ ಸ್ಟಾಪ್‌ವಾಚು ನೆನಪಿರುತ್ತಿರಲಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಅವನು ಬದುಕುತ್ತಿದ್ದುದು ಆ ಒಂದು ಗಂಟೆ.

ಅಲ್ಲಿ ಇನ್ನೆರಡು ಕುರ್ಚಿಗಳಿದ್ದವು. ಒಂದರಲ್ಲಿ ಎದುರುಮನೆಯ ಮುರುಗೆಪ್ಪ. ರಾಣೆಬೆನ್ನೂರಿನವರು, ಪ್ಯಾರೀಸ್ ಕಾರ್ನರಿನಲ್ಲಿ ಬೇಳೆಕಾಳಿನ ಸಗಟು ವ್ಯಾಪಾರ. ಇನ್ನೊಂದರಲ್ಲಿ ಪಕ್ಕದ ಮನೆಯ ಶ್ರೀನಿವಾಸ. ನಲವತ್ತು ವರ್ಷದಿಂದ ಚೆನ್ನೈಯಲ್ಲೇ ಇರುವ, ತಾಂಬರಂ ಲೋಕಲ್ ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತರಾದ ಹಿರಿಯರು. ಮೂರನೇ ಮಹಡಿಯ ಮೂರೂ ಮನೆಗಳು ಕನ್ನಡದವು, ಮೂರೂ ಮನೆಯ ಗಂಡಸರಿಗೆ ತಂತಮ್ಮ ಹೆಂಡತಿಯ ಕೈಚಳಕದ ಬಗ್ಗೆ ಹೆಮ್ಮೆ. ಮಧುಸೂದನ್ ಹದಿನೇಳು ನಿಮಿಷ ಎಂದಾಗ ಮುರುಗೆಪ್ಪ ತಮ್ಮ ಮನೆಯದು ಹದಿನಾರು ಎಂದರು. ಶ್ರೀನಿವಾಸರು ತಮ್ಮದು ಹದಿನೆಂಟು, ಆದರೆ ಲೋಕಲ್ ರೈಲು ಲೇಟಾದರೂ ಅದು ಲೇಟಾಗುವುದಿಲ್ಲ ಎಂದರು. ಚಾರ್ಟನ್ನು ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿ ಬಹಳ ಮೆಚ್ಚಿಕೊಂಡರು.

ಆ ಮೆಚ್ಚುಗೆ ತಲೆಗೇರಿದ್ದ ಮಧುಸೂದನ್ ಅಂದು ಊಟಕ್ಕೆ ಕೂತವನು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ ಹೇಳಿದ, "ರಚನಾ, ನಿಂಗೆ ಗೊತ್ತಾ, ಹದಿನೇಳೇ ನಿಮಿಷ. ನಮ್ ಫ್ಯಾಕ್ಟ್ರೀಲಿ ಯಾವನಿಗೂ ಈ ಕೈ ಇಲ್ಲ." ಇಲ್ಲಿಗೆ ನಿಲ್ಲಿಸಿದ್ದರೆ ಅವನ ಬಾಳು ಬಂಗಾರವಾಗಿರುತ್ತಿತ್ತು. ಆದರೆ ಅವನು ಮುಂದುವರಿಸಿದ. "ಹದಿನೇಳ್ ನಿಮಿಷಕ್ಕೆ ನೀನು ದಿನಾ ಸೆಕೆ ಸೆಕೆ ಅಂತ ಯಾಕೆ ಒದ್ದಾಡ್ತೀಯೋ ಅದೊಂದೇ ನಂಗೆ ಅರ್ಥ ಆಗ್ತಿಲ್ಲ."

ರಚನಾ ಸೌಟನ್ನು ಮೆಲ್ಲಗೆ ಪಾತ್ರೆಯೊಳಗೆ ಇಳಿಸಿದಳು. ಅವಳು ಜಗಳ ಆಡುವವಳಲ್ಲ. ಬಹಳ ತಣ್ಣಗೆ, ನಾಳೆ ಭಾನುವಾರ, ನಾಳೆಯ ಅಡುಗೆ ನೀವೇ ಮಾಡಿ ಎಂದಳು. ಚಾರ್ಟಿನ ಮೂರನೇ ದಿನದ ಅದೇ ಚಿತ್ರಾನ್ನ, ಅದೇ ಸಾರು, ಅದೇ ಪಲ್ಯ, ಅದೇ ಮಜ್ಜಿಗೆ. ಹದಿನೇಳು ನಿಮಿಷದಲ್ಲಿ ಮಾಡಿಬಿಟ್ಟರೆ ಕತ್ತರಿ ಮುಗಿಯುವವರೆಗೆ ಆರೂವರೆಯಿಂದ ಏಳೂವರೆ ಅವನದು. ಸಿಲಿಂಡರು ಬದಲಾಯಿಸಲು ಕೂಡ ತಾರಸಿಯಿಂದ ಅವನನ್ನು ಯಾರೂ ಕರೆಯುವುದಿಲ್ಲ. ಆಗದಿದ್ದರೆ ಆ ಒಂದು ಗಂಟೆ ತಾರಸಿ ಅವಳದು, ಅಡುಗೆಮನೆ ಅವನದು.

ಮಧುಸೂದನ್ ಒಪ್ಪಿದ. ಚಾರ್ಟು ಕೈಯಲ್ಲಿರುವಾಗ ಹೆದರಿಕೆ ಯಾತಕ್ಕೆ?

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಸುದ್ದಿ ಇಡೀ ಮಹಡಿಗೆ ಗೊತ್ತಾಗಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಪಂದ್ಯದ ವಿಷಯ ಬರೆದು ಚಾರ್ಟಿನ ಫೋಟೊವನ್ನು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದ್ದವನು ಮಧುಸೂದನ್ ತಾನೇ. ಮೊದಲು ಬಂದವರು ಶ್ರೀನಿವಾಸರು. ಪಂದ್ಯ ಎಂದಮೇಲೆ ಸಮಯ ನೋಡುವವರು ಬೇಕು, ಮೂವತ್ತೈದು ವರ್ಷ ರೈಲಿಗೆ ಹಸಿರು ಬಾವುಟ ತೋರಿಸಿದ ತಾನಿರುವಾಗ ಬೇರೆಯವರು ಬೇಡ ಎಂದರು. ಅವರ ಹಿಂದೆಯೇ ಬಂದ ಮುರುಗೆಪ್ಪ, ರುಚಿ ನೋಡುವವರೂ ಬೇಕಲ್ಲ ಎಂದರು. ಹೀಗೆ ನೋಡುನೋಡುತ್ತಾ ಮೂರು ಜನರ ಅಡುಗೆ ಏಳು ಜನರ ಅಡುಗೆಯಾಯಿತು. ಮಧುಸೂದನ್ ಕಾರ್ಖಾನೆಯ ಭಾಷೆಯಲ್ಲಿ, ಬ್ಯಾಚ್ ದೊಡ್ಡದಾದರೆ ಸಮಯ ಅಷ್ಟೇನೂ ಹೆಚ್ಚಾಗುವುದಿಲ್ಲ ಎಂದು ಅವರಿಗೆ ವಿವರಿಸಿದ. ಇಬ್ಬರೂ ಬಹಳ ಗೌರವದಿಂದ ಕೇಳಿಸಿಕೊಂಡರು.

ಆಮೇಲೆ ಹೆಂಗಸರು ಬಂದರು. ಶ್ರೀನಿವಾಸರ ಹೆಂಡತಿ ನಾಗರತ್ನಮ್ಮ ಅವನ ಕೈಗೆ ಒಂದು ಹಿಡಿ ಕರಿಬೇವು ಕೊಟ್ಟು, "ಪದಟ್ಟ ಪಡ್ಬೇಡಿ ಮಧು, ಎಲ್ಲಾ ಸೀಕ್ರಂ ಆಗ್ಬಿಡತ್ತೆ" ಎಂದು ತಮ್ಮ ಅರ್ಧ ತಮಿಳಿನಲ್ಲಿ, ಗಾಬರಿ ಬೇಡ, ಬೇಗ ಆಗುತ್ತದೆ ಎಂದು ಧೈರ್ಯ ಹೇಳಿದರು. ಮುರುಗೆಪ್ಪನವರ ಹೆಂಡತಿ ಜಯದೇವಿ ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಮೊದಲನೇ ಸಾಲಿನಲ್ಲಿ 'ಶೂನ್ಯ ನಿಮಿಷ: ಸ್ಟೀಲ್ ಡಬ್ಬಿಯಿಂದ ಅನ್ನ ತೆಗೆಯುವುದು' ಎಂದಿತ್ತು. ಅದನ್ನು ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭಾಳ ಛಲೋ ಬರದೀರಿ ಎಂದು ಹೊರಟುಹೋದರು.

ಹತ್ತಕ್ಕೆ ಮಧುಸೂದನ್ ಮಾವಿನಕಾಯಿ ತರಲು ಹೋದ. ಹುಳಿ ಎಷ್ಟಿದೆ ಎಂದು ಅಂಗಡಿಯವಳು ಕೊಯ್ದು ಕೊಟ್ಟ ಹೋಳುಗಳನ್ನು ಒಂದೊಂದಾಗಿ ಜಗಿದು ಹಲ್ಲು ಚುಳುಗುಟ್ಟಿಸಿಕೊಂಡು ಬಂದ. ಮಧ್ಯಾಹ್ನ ಮೂರಕ್ಕೆ ಮಲಗುವ ಕೋಣೆಯಲ್ಲಿ ಎಸಿ ಹಾಕಿಕೊಂಡು ಒಂದು ತಾಲೀಮು ನಡೆಸಿದ. ಮಂಚವೇ ಕಟ್ಟೆ, ಎರಡು ದಿಂಬು ಎರಡು ಒಲೆ, ವೀಕ್ಷಾಳ ಆಟದ ಸಾಮಾನು ಸಾಸಿವೆ, ಉದ್ದಿನಬೇಳೆ, ಇಂಗು. ಗಾಳಿಯಲ್ಲಿ ಸೌಟು ಆಡಿಸುತ್ತಾ, ದಿಂಬಿನಿಂದ ದಿಂಬಿಗೆ ತಿರುಗುತ್ತಾ ಅವನು ಇಡೀ ಅಡುಗೆಯನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದ. ವೀಕ್ಷಾ ಮನೆಯ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ. ಫೋನು ನೋಡಿ "ಸೂಪರ್‌ಪ್ಪಾ" ಎಂದಳು. ಆರು ನಿಮಿಷ ಮಿಗುವುದನ್ನು ಕಂಡು ಮಧುಸೂದನ್, ಒಂದು ಪಾಯಸ ಕೂಡ ಸೇರಿಸಬಹುದೇನೋ ಎಂದು ಯೋಚಿಸಿದ.

ಆರೂವರೆಗೆ ಅವನು ಅಡುಗೆಮನೆಯಲ್ಲೇ ಸುಳಿದಾಡುತ್ತಿದ್ದಾಗ ರಚನಾ, ಎಂದಿನ ಹಾಗೆ ತಾರಸಿಗೆ ಹೋಗಿ ಬನ್ನಿ, ತಲೆ ತಣ್ಣಗಿದ್ದರೆ ಕೈ ಓಡುತ್ತದೆ ಎಂದಳು. ಎದುರಾಳಿಗೆ ಇಷ್ಟು ದೊಡ್ಡ ಮನಸ್ಸೇ ಎಂದು ಅವನು ಮನಸ್ಸಿನಲ್ಲೇ ಕೈಮುಗಿದ. ಮೇಲೆ ಹೋದ. ಗಾಳಿ ಅವತ್ತು ವಿಶೇಷವಾಗಿ ಬೀಸುತ್ತಿತ್ತು. ಅಂಗಿಯ ಎರಡು ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ, ಇನ್ನು ಹದಿನೆಂಟು ದಿನ ಇದು ಯಾರೂ ಕಿತ್ತುಕೊಳ್ಳದ ತನ್ನ ಸ್ವತ್ತು ಎಂದುಕೊಂಡ.

ಏಳೂವರೆಗೆ ಸರಿಯಾಗಿ ಹಜಾರದಲ್ಲಿ ಶ್ರೀನಿವಾಸರು ಹಸಿರು ಬಾವುಟ ಬೀಸಿದರು. ನಿಜವಾದ ಬಾವುಟವೇ, ನಿವೃತ್ತಿಯ ದಿನ ಮನೆಗೆ ತಂದದ್ದು. ಮುರುಗೆಪ್ಪ ಆಗಲೇ ತಟ್ಟೆಯ ಮುಂದೆ ಕೂತಿದ್ದರು. ಹೆಂಗಸರು ಇದನ್ನೆಲ್ಲ ನೋಡಲು ತಮ್ಮಿಂದಾಗದು ಎಂದು ಹೇಳಿ ಮೂವರೂ ಎದ್ದು ಹೊರಗೆ ಹೋಗಿದ್ದರು. ಮಧುಸೂದನ್ ಅಡುಗೆಮನೆಯ ಪರದೆ ಎಳೆದುಕೊಂಡು, ಚಾರ್ಟನ್ನು ಒಲೆಯ ಮೇಲಿನ ಗೋಡೆಗೆ ಟೇಪಿನಿಂದ ಅಂಟಿಸಿ, ಬಾಣಲೆಗೆ ಎಣ್ಣೆ ಹಾಕಿ ಒಲೆ ಹಚ್ಚಿ, ಮೊದಲನೇ ಸಾಲಿನ ಪ್ರಕಾರ ಸ್ಟೀಲ್ ಡಬ್ಬಿ ತೆಗೆದ.

ಡಬ್ಬಿ ಖಾಲಿ ಇತ್ತು.

ಮುಚ್ಚಳ ಹಾಕಿ ಇನ್ನೊಂದು ಸಲ ತೆಗೆದು ನೋಡಿದ. ಆಗಲೂ ಖಾಲಿ. ಫ್ರಿಜ್ಜು ತೆರೆದರೆ ಮಜ್ಜಿಗೆ ಬಿಟ್ಟು ಏನೂ ಇರಲಿಲ್ಲ. ಸಾರಿಗೆ ಬೇಕಾದ ಬೆಂದ ಬೇಳೆ ಇರಬೇಕಾದ ಕುಕ್ಕರು ತೊಳೆದು ಬೋರಲು ಹಾಕಿತ್ತು. ಹೆಚ್ಚಿ ಬೇಯಿಸಿದ ಹುರುಳಿಕಾಯಿ ಇರಬೇಕಾದ ಬೋಗುಣಿಯಲ್ಲಿ ಅವನೇ ತಂದ ಎರಡು ಮಾವಿನಕಾಯಿ ಕೂತಿದ್ದವು. ಮೂರು ದಿನ ಅವನು ಕಣ್ಣು ಮಿಟುಕಿಸದೆ ಅಳೆದಿದ್ದ. ಅನ್ನ ತೆಗೆಯುವುದಕ್ಕೆ ನಾಲ್ಕು ಸೆಕೆಂಡು ಎಂದು ಬರೆದಿದ್ದ. ಆ ಅನ್ನ ಅಲ್ಲಿಗೆ ಹೇಗೆ ಬಂತು ಎಂದು ಬರೆದಿರಲಿಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಒಲೆಯ ಝಳಕ್ಕೆ ಟೇಪು ಬಿಟ್ಟುಕೊಂಡು ಚಾರ್ಟು ಮೆಲ್ಲಗೆ ಜಾರಿ ಬಾಣಲೆಯೊಳಗೆ ಮಲಗಿತು. ಅಂಚು ಉರಿಯಿತು. ಇಕ್ಕಳದಿಂದ ಎತ್ತಿ ಸಿಂಕಿಗೆ ಹಾಕುವಷ್ಟರಲ್ಲಿ ಎಣ್ಣೆ ಕಪ್ಪಾಗಿತ್ತು, ಹುಬ್ಬಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಪರದೆಯ ಆಚೆಯಿಂದ ವಾಸನೆ ಬಹಳ ಹೊಸದಾಗಿದೆ ಎಂದು ಮುರುಗೆಪ್ಪ ಹೇಳುವುದು ಕೇಳಿಸಿತು. ಎರಡು ನಿಮಿಷ ಆಯಿತು ಎಂದು ಶ್ರೀನಿವಾಸರು ಕೂಗಿದರು. ಈಗ ಅಕ್ಕಿ ತೊಳೆದಿಟ್ಟರೆ ಬೇಯುವುದಕ್ಕೇ ಇಪ್ಪತ್ತೈದು ನಿಮಿಷ ಬೇಕು. ಕುರ್ಚಿ, ಗಾಳಿ, ಹದಿನೆಂಟು ಸಂಜೆಗಳು, ಎಲ್ಲ ಕಣ್ಣೆದುರಿಗೇ ಜಾರಿಹೋಗುತ್ತಿರುವುದು ಮಧುಸೂದನನಿಗೆ ಕಾಣಿಸಿತು. ಸ್ವಲ್ಪ ಗಾಳಿಯಾದರೂ ಬರಲಿ ಎಂದು ಸಿಂಕಿನ ಪಕ್ಕದ ಕಿಟಕಿಯನ್ನು ತಳ್ಳಿದ. ನಾಲ್ಕು ವರ್ಷದಲ್ಲಿ ಅವನು ಆ ಕಿಟಕಿ ತೆಗೆದವನೇ ಅಲ್ಲ.

ಅದು ತೆರೆದುಕೊಂಡದ್ದು ಗಾಳಿ ಬೆಳಕಿಗೆಂದು ಕಟ್ಟಡದ ನಡುವೆ ಬಿಟ್ಟಿದ್ದ, ಬಾವಿಯಂಥ ಒಂದು ಸಂದಿಗೆ. ಮೂರಡಿ ಅಗಲವಿರಬಹುದು. ಅಲ್ಲಿಗೆ ಇನ್ನೂ ಎರಡು ಅಡುಗೆಮನೆಗಳ ಕಿಟಕಿ ತೆರೆದಿದ್ದವು. ಮೂರೂ ಕಿಟಕಿಗೆ ಎಟುಕುವ ಹಾಗೆ ಒಂದು ಹಳೆಯ ಇಸ್ತ್ರಿ ಹಲಗೆ ಹಾಸಿತ್ತು. ಆ ಹಲಗೆಯ ಮೇಲೆ, ಅಡಿಯಿಲ್ಲದ ಆ ಕತ್ತಲ ಮೇಲೆ, ಸ್ಟೀಲ್ ಡಬ್ಬಿಗಳು ಓಡಾಡುತ್ತಿದ್ದವು. ಒಂದು ಕೈ ಅನ್ನದ ಡಬ್ಬಿ ನೂಕಿತು. ಇನ್ನೊಂದು ಕೈ ಅದನ್ನು ಎತ್ತಿಕೊಂಡು ಅದೇ ಜಾಗಕ್ಕೆ ಕಾಯಿಪಲ್ಯದ ಬೋಗುಣಿ ಇಟ್ಟಿತು. ಬೇಳೆಯ ಪಾತ್ರೆ ಬಂತು, ಮೂರು ಮನೆಯ ಪಾಲು ಒಂದಾಯಿತು, ಹೋಯಿತು. ಒಬ್ಬರೂ ಮಾತಾಡುತ್ತಿರಲಿಲ್ಲ, ಬಳೆಗಳ ಸದ್ದು ಮಾತ್ರ. ಯಾವ ಡಬ್ಬಿ ಯಾವ ಮನೆಯದು ಎಂದು ಯಾರೂ ಕೇಳಲಿಲ್ಲ, ಒಂದು ಕಾಳು ಕೆಳಗೆ ಬೀಳಲಿಲ್ಲ.

ಮಧುಸೂದನ್ ಬಾಯಿ ತೆರೆದು ನಿಂತ. ಒಲೆ, ಪಂದ್ಯ, ತಾರಸಿ ಎಲ್ಲ ಅರೆಗಳಿಗೆ ಮರೆತುಹೋಯಿತು. ದೊಡ್ಡ ದೊಡ್ಡ ಕಾರ್ಖಾನೆಗಳನ್ನು ಅವನು ನೋಡಿದ್ದ. ಜಪಾನಿನವರು ಬಂದು ಪಾಠ ಹೇಳಿದ್ದನ್ನೂ ಕೇಳಿದ್ದ. ಇಷ್ಟು ಸುಂದರವಾದ ಕೆಲಸವನ್ನು ತನ್ನ ಜನ್ಮದಲ್ಲಿ ನೋಡಿಲ್ಲ ಎನ್ನಿಸಿತು. ದೇವಸ್ಥಾನದಲ್ಲಿ ಪರದೆ ಸರಿದಾಗ ಆಗುವ ಹಾಗೆ ಅವನ ಮೈ ಜುಮ್ಮೆಂದಿತು. ಇದು ದಿನವೂ ತನ್ನ ಮನೆಯ ಗೋಡೆಯಾಚೆಗೆ ನಡೆಯುತ್ತಿತ್ತು, ತಾನು ಮೇಜಿನ ಹತ್ತಿರ ಕೂತು ಕರಿಬೇವು ಸಿಡಿಯುವುದನ್ನು ಅಳೆಯುತ್ತಿದ್ದೆ ಎಂದುಕೊಂಡಾಗ ಅವನಿಗೆ ನಾಚಿಕೆಯೂ ಆಯಿತು.

ಎದುರಿನ ಕಿಟಕಿಯಲ್ಲಿ ಜಯದೇವಿಯವರ ಮುಖ ಕಾಣಿಸಿತು. ಅವರ ಕೈಯಲ್ಲಿ ಏಳು ಜನಕ್ಕಾಗುವಷ್ಟು ಉದುರುದುರಾದ ಅನ್ನದ ಡಬ್ಬಿ ಇತ್ತು. ಹಲಗೆಯ ಅರ್ಧದವರೆಗೆ ನೂಕಿ, ಬಿಡದೆ ಹಿಡಿದುಕೊಂಡರು.

"ಮಧು ಅಣ್ಣಾರ, ಅನ್ನ ಮುಂಜಾನಿ ಐದಕ್ಕ ನಮ್ಮನ್ಯಾಗ ಆಗತೈತಿ, ಮೂರೂ ಮನಿಗೆ, ಆರಿಸಿ ಫ್ರಿಜ್ಜಿನಾಗ ಇಡ್ತೀವಿ. ಕಾಯಿಪಲ್ಯ ಹೆಚ್ಚಿ ಬೇಸೂದು ಸಂಜಿ ನಾಕಕ್ಕ, ನಾಗರತ್ನಮ್ಮಾರ ಮನ್ಯಾಗ. ಬ್ಯಾಳಿ ಆರೂವರಿಗೆ, ನಿಮ್ಮನ್ಯಾಗ. ಕತ್ತರಿ ಮುಗಿಯೂತನಕ ದೊಡ್ಡ ಒಲಿ ಹಚ್ಚೂದು ದಿನಕ್ಕ ಒಂದೊಂದ್ ಮನ್ಯಾಗ ಒಂದ ಸಲ. ಉಳಿದದ್ದು ಬರೇ ಒಗ್ಗರಣಿ, ನೀವು ಅಳದೀರಲ್ಲ, ಅದು."

ಮಧುಸೂದನ್ ನಿಧಾನವಾಗಿ ಲೆಕ್ಕ ಹಾಕಿದ. ಬೇಳೆ ಆರೂವರೆಗೆ ನಮ್ಮ ಮನೆಯಲ್ಲಿ. ಆರೂವರೆಗೆ ತಾನು ತಾರಸಿಯಲ್ಲಿ. ಏಳೂವರೆಗೆ ಕೆಳಗಿಳಿದು ಬಂದಾಗ ರಚನಾ ಹಜಾರದ ಫ್ಯಾನಿನ ಮುಂದೆ ಮುಖ ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದಳು. ಆಮೇಲೆ ಒಳಗೆ ಹೋಗುತ್ತಿದ್ದಳು, ಆಗ ತಾನು ಸ್ಟಾಪ್‌ವಾಚು ಒತ್ತುತ್ತಿದ್ದೆ. ತಾನು ಬಂದಾಗ ಕೆಲಸ ಶುರುವಾಗುತ್ತದೆ ಎಂದು ತಿಳಿದ ಒಬ್ಬನೇ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಈ ಭೂಮಿಯ ಮೇಲೆ ತಾನೇ ಇರಬೇಕು. ಪಕ್ಕದ ಕಿಟಕಿಯಲ್ಲಿ ನಾಗರತ್ನಮ್ಮನವರ ಹಿಂದೆ ರಚನಾ ನಿಂತಿದ್ದಳು. ಕೈಯಲ್ಲಿ ಅವಳೇ ಬೇಯಿಸಿದ, ಅವರ ಮನೆಯದೇ ಬೇಳೆಯ ಪಾತ್ರೆ. ಅವಳ ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಅವಳು ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಮೂರು ಸಂಜೆ ಕಣ್ಣಿಟ್ಟು ನೋಡಿಯೂ ಈ ಮುಖವನ್ನು ಅವನು ನೋಡಿರಲಿಲ್ಲ.

ಜಯದೇವಿ ಷರತ್ತು ಹೇಳಿದರು. ಅನ್ನ, ಪಲ್ಯ, ಬೇಳೆ ಮೂರೂ ಈಗಲೇ ಕೊಡುತ್ತೇವೆ, ಪಂದ್ಯ ನೀವೇ ಗೆಲ್ಲಿ. ಆದರೆ ಈ ಹಲಗೆಯಿಂದ ತೆಗೆದುಕೊಂಡವರು ಹಲಗೆಗೆ ಕೊಡಲೂ ಬೇಕು. ನಾಳೆಯಿಂದ ಆರೂವರೆಯ ಬೇಳೆ ನಿಮ್ಮದು. ಒಪ್ಪದಿದ್ದರೆ ಖಾಲಿ ಡಬ್ಬಿ ಹಿಡಿದುಕೊಂಡು ಹಜಾರಕ್ಕೆ ಹೋಗಿ.

ಆರು ನಿಮಿಷ ಎಂದು ಶ್ರೀನಿವಾಸರು ಕೂಗಿದರು. ಮಧುಸೂದನ್ ಪಿಸುದನಿಯಲ್ಲಿ ಚೌಕಾಸಿಗೆ ಇಳಿದ. ಅನ್ನದ ಪಾಳಿ ಕೊಡಿ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ ಎಂದ. ಅದಕ್ಕೆ ಜನ ಇದ್ದಾರೆ ಎಂದರು. ಕಾಯಿಪಲ್ಯ ಎಂದ. ಅದಕ್ಕೂ ಇದ್ದಾರೆ ಎಂದರು. ಬೇಳೆಯನ್ನು ಬೆಳಿಗ್ಗೆಯೇ ಬೇಯಿಸಿಟ್ಟರಾಗದೇ ಎಂದು ಕೇಳಿದ್ದಕ್ಕೆ ನಾಗರತ್ನಮ್ಮ, "ಹೊರಗಿಟ್ರೆ ಕತ್ತರೀಲಿ ಮಧ್ಯಾಹ್ನಕ್ಕೇ ಕೆಟ್ಟು ಪೋಯ್ಡತ್ತೆ, ಫ್ರಿಜ್ಜಲ್ಲಿಟ್ರೆ ಕಲ್ಲಾಗ್ಬಿಡತ್ತೆ ಮಧು" ಎಂದು ಮರುಕದಿಂದ ಹೇಳಿದರು. ಇನ್ನು ಉಳಿದದ್ದು ಒಂದೇ ಬೇಡಿಕೆ. ಹೊರಗೆ ಕೂತಿರುವ ಗಂಡಸರಿಬ್ಬರಿಗೆ ಈ ವಿಷಯ ಯಾವತ್ತೂ ಗೊತ್ತಾಗಬಾರದು. ತಾರಸಿ ಹೋದರೆ ಹೋಗಲಿ, ಅವರ ಕಣ್ಣಿನಲ್ಲಿ ತಾನು ಗೆದ್ದವನಾಗಿಯೇ ಉಳಿಯಬೇಕು. ಅವರಿಗೆ ನಾವು ಹೇಳುವುದೇ ಇಲ್ಲ ಎಂದು ಜಯದೇವಿ ಬಹಳ ಗಂಭೀರವಾಗಿ ಮಾತು ಕೊಟ್ಟರು. ಡಬ್ಬಿ ಹಲಗೆಯ ಮೇಲೆ ಜಾರಿ ಅವನ ಕೈಗೆ ಬಂತು.

ಆಮೇಲೆ ನಡೆದದ್ದು ಅವನಿಗೇ ಸರಿಯಾಗಿ ನೆನಪಿಲ್ಲ. ಚಾರ್ಟು ಇರಲಿಲ್ಲ, ಅದರ ಬದಲು ಪಕ್ಕದ ಕಿಟಕಿಯಲ್ಲಿ ರಚನಾ ಇದ್ದಳು. ಅವಳು ಬೆರಳು ತೋರಿಸಿದ ಕಡೆ ಅವನ ಕೈ ಹೋಯಿತು. ಕಪ್ಪು ಎಣ್ಣೆ ಚೆಲ್ಲಿ ಹೊಸ ಎಣ್ಣೆ. ಸಾಸಿವೆ ಸಿಡಿಯುವ ಮೊದಲೇ ಬೇಳೆ ಹಾಕಹೊರಟವನನ್ನು ಅವಳು ಕಣ್ಣಿನಲ್ಲೇ ತಡೆದಳು. ಮಾವಿನಕಾಯಿ ತುರಿಯುವಾಗ ಬೆರಳ ತುದಿಯೂ ಸ್ವಲ್ಪ ತುರಿಯಿತು. ಸಾರಿಗೆ ನಿಂಬೆಹುಳಿ ಹಿಂಡಬೇಕಾದದ್ದು ಒಲೆ ಆರಿಸಿದ ಮೇಲೆ ಎಂದು ಅವಳು ಹೇಳದಿದ್ದರೆ ಅದು ಕಹಿಯಾಗುತ್ತಿತ್ತು. ಬರಿಯ ಒಗ್ಗರಣೆ ಎಂದು ಜಯದೇವಿಯವರು ಹೇಳಿದ್ದ ಆ ಹನ್ನೊಂದು ನಿಮಿಷದಲ್ಲಿ ಅವನ ಬನಿಯನ್ನು ಹಿಂಡಿದರೆ ಒಂದು ಲೋಟ ನೀರು ಬರುವಂತಾಗಿತ್ತು. ಇದಕ್ಕೆ ಮುಂಚೆ ಇದೇ ಕೋಣೆಯಲ್ಲಿ ಒಂದು ಗಂಟೆ ಬೇಳೆ ಬೇಯಿಸಿ, ಆಮೇಲೆ ಸದ್ದಿಲ್ಲದೆ ಇಷ್ಟೂ ಮಾಡಿ, ಹೊರಗೆ ಬಂದು ನಗುನಗುತ್ತಾ ಬಡಿಸುತ್ತಿದ್ದವಳ ಮೇಲೆ ಅವನಿಗೆ ಭಯಭಕ್ತಿ ಎರಡೂ ಹುಟ್ಟಿದವು.

ಪರದೆ ಸರಿಸಿ ಅವನು ಕೊನೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟಾಗ ಹದಿನಾರು ನಿಮಿಷ ಐವತ್ತು ಸೆಕೆಂಡು. ಶ್ರೀನಿವಾಸರು ಎದ್ದು ನಿಂತು ಕೈ ಕುಲುಕಿದರು. ಮುರುಗೆಪ್ಪ ಮೂರು ಸಲ ಚಿತ್ರಾನ್ನ ಹಾಕಿಸಿಕೊಂಡು, ಇಂಥಾ ಕೈ ನಾ ನೋಡಿಲ್ಲ ಎಂದರು. ವೀಕ್ಷಾ "ಅಪ್ಪಾ, ನೀ ಮಾಸ್" ಎಂದಳು, ಅವಳ ತಮಿಳಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆಗ ತಾನೇ ಏನೂ ಗೊತ್ತಿಲ್ಲದವರಂತೆ ಒಳಗೆ ಬಂದ ಹೆಂಗಸರು ಮೂವರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ರಚನಾ ಎಲ್ಲರೆದುರಿಗೆ ಸೋಲೊಪ್ಪಿ, ಕತ್ತರಿ ಮುಗಿಯುವವರೆಗೆ ಆರೂವರೆಯ ತಾರಸಿ ಇವರದೇ, ಯಾರೂ ಕರೆಯುವ ಹಾಗಿಲ್ಲ ಎಂದು ಘೋಷಿಸಿದಳು. ಮಧುಸೂದನ್ ಬೆರಳಿಗೆ ಬಟ್ಟೆ ಸುತ್ತಿಕೊಂಡು ವಿನಯದಿಂದ ತಲೆ ಬಾಗಿಸಿದ.

ಮರುದಿನ ಆರೂವರೆಗೆ, ಗೆದ್ದುಕೊಂಡ ಆ ಗಂಟೆಯಲ್ಲಿ, ಅವನು ಎರಡು ದೊಡ್ಡ ಕುಕ್ಕರುಗಳ ಮುಂದೆ ನಿಂತಿದ್ದ. ಕಿಟಕಿ ತೆರೆದಿತ್ತು, ಆದರೆ ಸಮುದ್ರದ ಗಾಳಿಗೆ ಆ ಸಂದಿಯ ವಿಳಾಸ ಗೊತ್ತಿರಲಿಲ್ಲ. ಹಜಾರದ ಫ್ಯಾನನ್ನು ಇತ್ತ ತಿರುಗಿಸಿದರೆ ಒಲೆ ಆರುತ್ತಿತ್ತು. ಕಾಯುವುದೊಂದೇ ಕೆಲಸ, ಬೆವರುವುದೊಂದೇ ದಾರಿ. ತಾರಸಿಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಹೇಳಲು ಆಫೀಸಿನ ಫೋನಿನ ಒಂದು ಸುಳ್ಳನ್ನು ಸಿದ್ಧಮಾಡಿಟ್ಟುಕೊಂಡಿದ್ದ. ಅವನಿಗೆ ಉಳಿದಿದ್ದ ಸಮಾಧಾನ ಒಂದೇ. ಮೇಲೆ ಗಾಳಿಗೆ ಮೈಯೊಡ್ಡಿ ಕೂತಿರುವ ಇಬ್ಬರು ಈ ಹೊತ್ತು ತನ್ನನ್ನೇ ಹೊಗಳುತ್ತಿರುತ್ತಾರೆ.

ಆಗ ಮುಂಬಾಗಿಲು ತಳ್ಳಿಕೊಂಡು ಆ ಇಬ್ಬರೂ ಒಳಗೆ ಬಂದರು. ಮಧುಸೂದನ್ ಫೋನನ್ನು ಕಿವಿಗಿಟ್ಟುಕೊಳ್ಳುವಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು. ಮುರುಗೆಪ್ಪ ಕುಕ್ಕರಿನ ಕಡೆ ನೋಡಿ, ಈ ಲಾಟಿನ ಬೇಳೆ ಉಕ್ಕುತ್ತದೆ, ಒಂದು ಚಮಚ ಎಣ್ಣೆ ಹಾಕಬೇಕಿತ್ತು ಎಂದರು. ಬೇಳೆ ವ್ಯಾಪಾರಿ ತಾನೇ ಎಂದು ಮಧುಸೂದನ್ ತಲೆಯಾಡಿಸಿದ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ.

"ಅಕ್ಕಿಗೆ ಎಣ್ಣಿ ಬ್ಯಾಡ್ರಿ, ಎರಡು ಹನಿ ನಿಂಬಿಹುಳಿ ಸಾಕು. ನಾ ದಿನಾ ಮುಂಜಾನಿ ಐದಕ್ಕ ಹಂಗ ಇಡ್ತೀನಿ, ಉದುರುದುರು ಆಗತೈತಿ."

ಮಧುಸೂದನನ ಕೈಯಲ್ಲಿದ್ದ ಫೋನು ಮೆಲ್ಲಗೆ ಕೆಳಗಿಳಿಯಿತು. ಮೂರೂ ಮನೆಯ ಅನ್ನ ಬೇಯಿಸುವವರು ನೀವಾ ಎಂದು ಕೇಳಿದ. ಹೋದ ಕತ್ತರಿಯಿಂದ ತಾನೇ, ಅಂಗಡಿಗೆ ಹೋಗುವ ಮೊದಲು ಎಂದರು ಮುರುಗೆಪ್ಪ. ತಾನೂ ಹೀಗೆಯೇ ಹೆಂಡತಿಯನ್ನು ಹೊಗಳಲು ಹೋಗಿ ಪಂದ್ಯ ಕಟ್ಟಿ, ಹದಿನಾರು ನಿಮಿಷದಲ್ಲಿ ಗೆದ್ದದ್ದಾಗಿ ಹೇಳಿದರು. ಶ್ರೀನಿವಾಸರು ತಾನು ಗೆದ್ದದ್ದು ಅದರ ಹಿಂದಿನ ವರ್ಷ, ಹದಿನೆಂಟು ನಿಮಿಷದಲ್ಲಿ, ಆವತ್ತಿನಿಂದ ನಾಲ್ಕು ಗಂಟೆಯ ಕಾಯಿಪಲ್ಯ ತನ್ನದು ಎಂದು ಎರಡೂ ಕೈ ಚಾಚಿ ತೋರಿಸಿದರು. ಹತ್ತು ಬೆರಳಲ್ಲಿ ಚಾಕು ತಾಗದ ಬೆರಳು ಒಂದೂ ಇರಲಿಲ್ಲ.

ಎಲ್ಲ ಗೊತ್ತಿದ್ದೂ ನಿನ್ನೆ ಹಾಗೆ ಕೂತಿದ್ದಿರಾ, ಒಂದು ಸೂಚನೆ ಕೊಡಬಾರದಿತ್ತೇ ಎಂದು ಮಧುಸೂದನ್ ಕೇಳಿದ. ಕೊಡಬಾರದೆಂದು ಆಜ್ಞೆಯಾಗಿತ್ತು ಎಂದರು ಮುರುಗೆಪ್ಪ. ಅವರ ಮುಖದಲ್ಲಿ ಗೆಲುವಿರಲಿಲ್ಲ. ಈ ಗಾಳಿಯ ಹೊತ್ತಿನಲ್ಲಿ ನೀವಿಬ್ಬರೂ ಇಲ್ಲಿಗೇಕೆ ಬಂದಿರಿ ಎಂದು ಕೇಳಿದ್ದಕ್ಕೆ ಅವರು ಗೋಡೆಗೆ ಒರಗಿಕೊಂಡು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಮ್ಯಾಲ ಇರೂದು ಮೂರ ಕುರ್ಚಿ, ಅಣ್ಣಾರ. ಬ್ಯಾಳಿ ಒಂದು ಇತ್ತು, ರಚನಾ ಅವರನ್ನ ಬಿಟ್ಟು ಇಷ್ಟು ದಿನ ಉಳಿದಿಬ್ಬರೂ ಬರ್ತಿರಲಿಲ್ಲ. ಇವತ್ತು ಮೂವರೂ ಬಂದು ಕುಂತಾರ."

ತಾರಸಿಯ ಕಡೆಯಿಂದ ಮೆಟ್ಟಿಲ ಮೇಲೆ ನಗು ಇಳಿದು ಬರುತ್ತಿತ್ತು. ಅದರಲ್ಲಿ ರಚನಾಳ ನಗುವನ್ನು ಮಧುಸೂದನ್ ಗುರುತಿಸಿದ. ಅವಳು ಇಷ್ಟು ದೊಡ್ಡದಾಗಿ ನಗುವುದನ್ನು ಅವನು ಚೆನ್ನೈಗೆ ಬಂದ ಮೇಲೆ ಕೇಳಿರಲಿಲ್ಲ. ಎಂಥ ಹೆಂಗಸರು ಎಂದು ಅವನಿಗೆ ಮತ್ತೆ ಬೆರಗಾಯಿತು. ಮೂವರು ಗಂಡಸರೂ ಆ ಉರಿಯುವ ಅಡುಗೆಮನೆಯಲ್ಲಿ ಕುಕ್ಕರನ್ನೇ ನೋಡುತ್ತಾ ನಿಂತರು.

"ಹಾಗಾದ್ರೆ ಈ ಪಂದ್ಯ ಸೋತವರು ಯಾರೂ ಇಲ್ವಾ ಸಾರ್?" ಎಂದು ಮಧುಸೂದನ್ ಕೊನೆಗೆ ಕೇಳಿದ.

"ಸೋಲೋಕೆ ಅವ್ರು ಬಿಟ್ರೆ ತಾನೆ ಮಧು," ಎಂದರು ಶ್ರೀನಿವಾಸರು.

ಕುಕ್ಕರು ಮೂರನೇ ಸಲ ಕೂಗಿತು. ಮಧುಸೂದನ್ ಒಲೆ ಸಣ್ಣ ಮಾಡಿದ.